ಮೊಸಳೆ ಕಾರಿನ ಬೊಜ್ಜ

ಆ ಕಾರಿಗೆ ಕಂಪನಿಯವರು ಇಟ್ಟ ಹೆಸರು ಬೇರೆ ಇತ್ತು. ನಮ್ಮ ಕಡೆ ಅದನ್ನು ಆ ಹೆಸರಿನಿಂದ ಕರೆದವರು ಕಡಿಮೆ. ಮೊಸಳೆ ಕಾರು ಎಂದರೆ ಕಾಪುವಿನಿಂದ ಕಾರ್ಕಳದವರೆಗೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಬೇರೆ ಕಾರುಗಳಿಗೆ ಬಾನೆಟ್ ಎಂಬ ಒಂದು ಮುಚ್ಚಳ ಇರುತ್ತದೆ. ಅದನ್ನು ಎತ್ತಿ, ಸೊಂಟ ಬಗ್ಗಿಸಿ, ಬಾವಿಗೆ ಇಣುಕಿದ ಹಾಗೆ ಇಣುಕಬೇಕು. ನಮ್ಮದು ಹಾಗಲ್ಲ. ದೀಪ, ಮಡ್‌ಗಾರ್ಡ್ ಎಲ್ಲ ಸೇರಿ ಇಡೀ ಮೂತಿಯೇ ಮೊಸಳೆ ಬಾಯಿ ತೆರೆದ ಹಾಗೆ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಎಂಜಿನ್ನು, ಮುಂದಿನ ಎರಡು ಚಕ್ರ, ಎಲ್ಲವೂ ಬಯಲಿಗೆ. ಚಕ್ರದ ಮೇಲೆ ಕುಳಿತು ಚಾ ಕುಡಿಯುತ್ತಾ ರಿಪೇರಿ ಮಾಡಬಹುದಿತ್ತು. ಇಂಥ ಸೌಕರ್ಯ ಯಾವ ಮಹಾರಾಜನ ಕಾರಿಗೆ ಇತ್ತು ಹೇಳಿ!

ನಾನು ಶಂಕರಪುರದವಳು, ನನ್ನ ಕೆಲಸ ಮಲ್ಲಿಗೆ. ಸುತ್ತಲಿನ ಮನೆಗಳ ಹೆಂಗಸರು ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ನನ್ನ ಜಗಲಿಗೆ ತಂದು ಹಾಕುತ್ತಿದ್ದರು. ಅದನ್ನು ಬಾಳೆಲೆಯಲ್ಲಿ ಸುತ್ತಿ, ಬಾಡುವ ಮೊದಲು ಉಡುಪಿ, ಮಣಿಪಾಲದ ಹೂವಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಪಾಲು. ನನ್ನ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ರಜೆಗೆ ಬಂದವರು ಮಂಗಳೂರಿನಿಂದ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ತಿರುಗಿ ಹೋಗುವಾಗ, "ನಾನು ಬರುವವರೆಗೆ ಬಟ್ಟೆ ಹೊದಿಸಿ ಇಡು, ಯಾರೂ ಮುಟ್ಟುವುದು ಬೇಡ" ಎಂದರು. ಹೊದಿಸಿದೆ. ಅವರ ಹಡಗು ಬೊಂಬಾಯಿ ದಾಟಿತೋ ಇಲ್ಲವೋ, ಬಟ್ಟೆ ತೆಗೆದೆ. ಹೂವು ಬಸ್ಸಿನ ಟಾಪಿನಲ್ಲಿ ಬೇಯುವಾಗ ಕಾರು ಹೊದ್ದು ಮಲಗುವುದೆಂದರೆ ಏನರ್ಥ?

ನನಗೆ ಡ್ರೈವಿಂಗ್ ಕಲಿಸಿದವರು ಕಾಪು ಪೇಟೆಯಲ್ಲಿ ಜವುಳಿ ಅಂಗಡಿ ಇಟ್ಟಿದ್ದ ಬ್ಯಾರಿ ಸಾಹೇಬರು. ಅವರ ಹತ್ತಿರವೂ ಇದೇ ಕಾರು, ಕಪ್ಪು ಬಣ್ಣದ್ದು. ಲೈಟ್‌ಹೌಸಿನ ದಾರಿಯಲ್ಲಿ ನನ್ನ ಪಕ್ಕ ಕುಳಿತು, ಸೀಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಅಕ್ಕ, ಕ್ಲಚ್ಚಿನ ಮೇಲೆ ನಿಮಗೆ ಎಂತ ದ್ವೇಷ? ಮೆಲ್ಲ ಬಿಡಿ, ಮೆಲ್ಲ!" ಎನ್ನುತ್ತಿದ್ದರು. ಮುಂದಿನ ರಜೆಗೆ ಗಂಡ ಬಂದಾಗ ಕಾರಿನೊಳಗೆ ಮೂಗು ಹಾಕಿ, "ಇದು ಕಾರಾ, ಹೂವಿನ ಬುಟ್ಟಿಯಾ?" ಎಂದು ಕೇಳಿದರು. ಆಮೇಲೆ ಎಡಗಡೆಯ ಸೀಟಿನಲ್ಲಿ ಕುಳಿತುಕೊಂಡರು. ಅಲ್ಲಿಗೆ ಆ ಮಾತು ಮುಗಿಯಿತು.

ಆದಿತ್ಯವಾರ ಸಂಜೆ ಮೊಸಳೆ ಕಾರುಗಳೆಲ್ಲ ಕಾಪು ಲೈಟ್‌ಹೌಸಿನ ಬುಡದಲ್ಲಿ ಸೇರುತ್ತಿದ್ದವು. ಯಾರೂ ಸಂಘ ಕಟ್ಟಲಿಲ್ಲ, ಬೋರ್ಡು ಹಾಕಲಿಲ್ಲ. ಸಾಹೇಬರು, ನಾನು, ಮಣಿಪಾಲದಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಡಾಕ್ಟರು, ಉಡುಪಿಯ ಹೋಟೆಲಿನವರು, ಹೆಜಮಾಡಿಯ ದೋಣಿಯವರು, ಇನ್ನೂ ಎಷ್ಟೋ ಮಂದಿ. ಕಾರ್ಕಳದಿಂದ ಅಷ್ಟು ದೂರ ಬರುತ್ತಿದ್ದವರು ಒಬ್ಬ ಹೆಡ್‌ಮಾಸ್ಟ್ರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. ಕೆನೆ ಬಣ್ಣದ ಅವರ ಕಾರು ಎಲ್ಲರದಕ್ಕಿಂತ ಚೊಕ್ಕ. ಕಡಲಿಗೆ ಮುಖ ಮಾಡಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲದರ ಬಾಯಿ ತೆರೆದಿಡುತ್ತಿದ್ದೆವು. ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ಕಿವಿ ಕೊಡುವುದು, ಗೋಳಿಬಜೆ ತಿನ್ನುವುದು, ಎಣ್ಣೆಗೈಯನ್ನು ಒಬ್ಬರ ಬೆನ್ನಿಗೆ ಇನ್ನೊಬ್ಬರು ಒರೆಸುವುದು. ಡಾಕ್ಟರು, ಬ್ಯಾರಿ, ಮಾಸ್ಟ್ರು, ಹೂವಿನವಳು ಒಟ್ಟಿಗೆ ಕುಳಿತು ಜಗಳ ಆಡಲು ಊರಿನಲ್ಲಿ ಬೇರೆ ಯಾವ ಜಾಗ ಇತ್ತು? ನನಗೆ ಆ ಸಂಜೆಗಳು ಬಹಳ ಇಷ್ಟ.

ನಮ್ಮಲ್ಲಿ ಕೆಲವು ಕಟ್ಟಳೆಗಳು ತಾವಾಗಿಯೇ ಹುಟ್ಟಿಕೊಂಡಿದ್ದವು. ಒಂದು, ತನ್ನ ಕಾರಿನ ಕುಂದನ್ನು ತಾನು ಬಾಯಿಬಿಟ್ಟು ಹೇಳಬಾರದು. ನಡುರಸ್ತೆಯಲ್ಲಿ ನಿಂತು ಹೊಗೆ ಬರುತ್ತಿದ್ದರೂ, "ಎಂತದೂ ಇಲ್ಲ ಮಾರಾಯ್ರೆ, ಸ್ವಲ್ಪ ಉಸಿರು ತೆಗೊಳ್ತಾ ಉಂಟು" ಎನ್ನಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಊರಿನವರು ನಗುತ್ತಿದ್ದರು. ನಗಲಿ. ಕುಂದು ಕಂಡುಹಿಡಿಯುವುದು ಉಳಿದವರ ಕೆಲಸ. ಹೇಳುವುದು ನಮ್ಮ ಕೆಲಸ ಅಲ್ಲ.

ಇನ್ನೊಂದು, ಬೊಜ್ಜ. ಸತ್ತವರ ಹೆಸರಿನಲ್ಲಿ ನೆಂಟರಿಷ್ಟರನ್ನು ಕರೆದು ಊಟ ಹಾಕುವ ಉತ್ತರಕ್ರಿಯೆಗೆ ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ನಾವು ಕಾರಿಗೂ ಬೊಜ್ಜ ಮಾಡುತ್ತಿದ್ದೆವು. ಮೊದಲು ತಮಾಷೆಗೆ ಶುರುವಾದದ್ದು, ಮೆಲ್ಲಗೆ ನಿಜವೇ ಆಗಿಬಿಟ್ಟಿತು. ಕಾರು ಇನ್ನು ಎದ್ದೇಳುವುದಿಲ್ಲ ಎಂದಾದಾಗ ಯಜಮಾನನೇ ಎಲ್ಲರ ಎದುರು "ನನ್ನದು ಮುಗಿಯಿತು" ಎನ್ನಬೇಕು. ಆಮೇಲೆ ಸ್ಪ್ಯಾನರ್ ಹಿಡಿದು ಎಲ್ಲರೂ ಸೇರುವುದು. ಬೋಲ್ಟು ಬಿಚ್ಚಿದರೆ ಈ ಕಾರು ಪೂರ್ತಿ ಬಿಡಿಬಿಡಿಯಾಗಿ ಕೈಗೆ ಬರುತ್ತಿತ್ತು. ಯಾವ ಸಾಮಾನು ಯಾರ ಕಾರಿಗೆ ಎಂದು ಯಜಮಾನನೇ ಹೇಳಿ, ತನ್ನ ಕೈಯಿಂದ ಕೊಡಬೇಕು. ಗುಜರಿಯವನಿಗೆ ಒಂದು ಮೊಳೆಯೂ ಹೋಗಬಾರದು. ಕೊನೆಗೆ ಊಟ. ಮಟ್ಟುಗುಳ್ಳ ಬದನೆಯ ಹುಳಿ ಮತ್ತು ಕಡಲೆಬೇಳೆ ಪಾಯಸ ಆ ಊಟಕ್ಕೆ ಕಡ್ಡಾಯ. ಬೇರೆ ಆದಿತ್ಯವಾರಗಳಲ್ಲಿ ಅವೆರಡನ್ನು ಒಟ್ಟಿಗೆ ಯಾರೂ ತರುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಬದುಕಿರುವ ಕಾರಿನಿಂದ ಸಾಮಾನು ಕೇಳಬಾರದು. ಬದುಕಿರುವ ಹೆಂಗಸಿನ ಕತ್ತಿನ ಸರ ಕೇಳಿದ ಹಾಗೆ ಅದು.

ಮಾಸ್ಟ್ರ ಬಗ್ಗೆ ಹೇಳಬೇಕು. ಅಷ್ಟು ಚೊಕ್ಕ ಮನುಷ್ಯ ಡ್ರೈವಿಂಗಿನಲ್ಲಿ ಮಾತ್ರ, ಅಯ್ಯೋ ದೇವರೇ! ಕಾರು ಹೊರಡುತ್ತಿತ್ತು, ನಾಲ್ಕು ಮಾರು ಹೋಗುತ್ತಿತ್ತು, ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಅವರ ಕೈ ನಡುವೆ ನಿಂತುಬಿಡುತ್ತಿತ್ತು. ಗೊಣಗದೆ, ಗಡಿಬಿಡಿ ಇಲ್ಲದೆ, ದೇವರ ಮುಂದೆ ಕಣ್ಣು ಮುಚ್ಚಿದ ಹಾಗೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಗೇರು ಹಾಕುವರು. ಅಷ್ಟರಲ್ಲಿ ಹಿಂದೆ ನಮ್ಮ ಮೆರವಣಿಗೆ ಒಂದರ ಬಾಲ ಒಂದು ಮೂಸುತ್ತಾ ನಿಂತಿರುತ್ತಿತ್ತು. ಏರು ರಸ್ತೆಯಲ್ಲಂತೂ ಕೇಳುವುದೇ ಬೇಡ.

"ಮಾಸ್ಟ್ರು ಎರಡನೇ ಗೇರಿಗೆ ಅರ್ಜಿ ಹಾಕಿದ್ದಾರೆ, ಮಂಜೂರಾಗಿ ಬರ್ಬೇಕಲ್ವಾ" ಎಂದು ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಿದ್ದರು.

ನಾನು ಹಾರ್ನ್ ಹೊಡೆಯುತ್ತಿದ್ದೆ. ನನಗೆ ತಾಳ್ಮೆ ಎಂಬುದನ್ನು ದೇವರು ಕೊಡುವಾಗ ನಾನು ಹೂವು ಕಟ್ಟುತ್ತಿದ್ದೆ ಎಂದು ಕಾಣುತ್ತದೆ. "ಮಾಸ್ಟ್ರೇ, ಕಾರಿಗೂ ಹಾಜರಿ ಕರೀತೀರಾ?" ಎಂದು ಕೇಳಿದರೆ ಅವರು ನಕ್ಕು, "ಬರ್ತದೆ ತಂಗೀ, ಬರ್ತದೆ. ಅವಸರ ಎಂತದ್ದು?" ಎನ್ನುತ್ತಿದ್ದರು. ಇಷ್ಟೂ ವರ್ಷ ಇದೇ ತಮಾಷೆ. ಮಾಸ್ಟ್ರು ಹೆದರುಪುಕ್ಕಲ ಡ್ರೈವರು ಎಂಬುದು ಕಡಲು ಪಶ್ಚಿಮಕ್ಕೆ ಉಂಟು ಎಂಬಷ್ಟೇ ಖಂಡಿತವಾಗಿ ನಮಗೆಲ್ಲ ಗೊತ್ತಿತ್ತು.

ಆಮೇಲೆ ಕಾಲ ತಿರುಗಿತು. ಆ ಕಾರು ತಯಾರಾಗುವುದು ಮೊದಲೇ ನಿಂತುಹೋಗಿತ್ತು; ಈಗ ಅಂಗಡಿಗಳಲ್ಲಿ ಸಾಮಾನೂ ಮುಗಿಯುತ್ತಾ ಬಂತು. ಮಂಗಳೂರಿನಲ್ಲಿ ಕೇಳಿದರೆ, "ಅಕ್ಕ, ಆ ಕಾರು ಇನ್ನೂ ಉಂಟಾ?" ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಉತ್ತರದ ಕಡೆಯಿಂದ ಹೊಸ ಸಣ್ಣ ಕಾರು ಬಂತು. ಬಿಳಿ ಡಬ್ಬಿಯಂಥದ್ದು. ಕೀಲಿ ತಿರುಗಿಸಿದರೆ ಸಾಕು, ಸ್ಟಾರ್ಟ್. ಅದಕ್ಕೆ ಮುಗಿಬಿದ್ದವರಲ್ಲಿ ನಮ್ಮವರೂ ಇದ್ದರು. ಹೋಟೆಲಿನವರದು ಮುಗಿಯಿತು, ಹೆಜಮಾಡಿಯವರದು ಮುಗಿಯಿತು. ಡಾಕ್ಟರು ತಮ್ಮ ಹಸಿರು ಕಾರಿನ ಬೊಜ್ಜದ ದಿನ ಅದರ ಬಲಬಾಗಿಲನ್ನು ನನಗೆ ಕೊಟ್ಟು, ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಮರುವಾರ ಬಿಳಿ ಡಬ್ಬಿಯಲ್ಲಿ ಬಂದು ನಮ್ಮ ಸಾಲಿನಲ್ಲೇ ನಿಲ್ಲಿಸಿದರು. ಅದಕ್ಕೆ ತೆರೆಯಲು ಬಾಯಿಯೇ ಇರಲಿಲ್ಲ. ಆದರೂ ಮನುಷ್ಯ ನಮ್ಮವರು, ಬೈದು ಗೋಳಿಬಜೆ ಕೊಟ್ಟೆವು.

ಹೀಗೆ ನನ್ನ ನೀಲಿ ಕಾರಿಗೆ ಹಸಿರು ಬಾಗಿಲು, ಬೂದು ಮಡ್‌ಗಾರ್ಡು, ಹೋಟೆಲಿನವರ ಸೀಟು. ಕೊನೆಗೆ ಉಳಿದದ್ದು ಮೂರು ಕಾರು: ಸಾಹೇಬರದು, ನನ್ನದು, ಮಾಸ್ಟ್ರದು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಆ ಗೌಡಿಕೆಯನ್ನು ನಾವು ಗತ್ತಿನಿಂದಲೇ ಮಾಡಿದೆವು. ಆದರೆ ಒಂದು ಮಳೆಗಾಲ ಶುರುವಾದ ಮೇಲೆ ಮಾಸ್ಟ್ರು ಬರುವುದು ನಿಂತಿತು. ಕಾರು ಶೆಡ್ಡಿನಲ್ಲಿ ಇದೆ ಎಂದು ಕಾರ್ಕಳದ ಬಸ್ಸಿನವರಿಂದ ಗೊತ್ತಾಯಿತು. ಮಳೆ ಬಿಟ್ಟಿತು, ನವರಾತ್ರಿ ಕಳೆಯಿತು, ದೀಪಾವಳಿ ಕಳೆಯಿತು. ಮಾಸ್ಟ್ರ ಸುದ್ದಿಯಿಲ್ಲ.

ಅದೇ ಸಮಯಕ್ಕೆ ನನ್ನ ಗೇರ್‌ಬಾಕ್ಸ್ ಒಡೆಯಿತು. ಕಟಪಾಡಿಯ ಹತ್ತಿರ, ಡಿಕ್ಕಿ ತುಂಬ ಹೂವು ಇರುವಾಗ. ಗೇರ್‌ಬಾಕ್ಸಿನ ಒಳಗಿನ ಹಲ್ಲುಗಳು ಪುಡಿಯಾಗಿ ಎಣ್ಣೆಯ ಜೊತೆ ರಸ್ತೆಗೆ ಬಿದ್ದವು. ಮಂಗಳೂರು ಸುತ್ತಿ ಬಂದೆ, ಶಿವಮೊಗ್ಗಕ್ಕೆ ಹೇಳಿ ಕಳಿಸಿದೆ. ಎಲ್ಲೂ ಇಲ್ಲ. ಹೂವು ಪುನಃ ಬಸ್ಸು ಹತ್ತಿತು. ಮಣಿಪಾಲದ ಅಂಗಡಿಯವನು ಬಾಳೆಲೆ ಬಿಚ್ಚಿ, "ಅಕ್ಕ, ಬೇಜಾರು ಮಾಡ್ಬೇಡಿ, ಇದು ಮಲ್ಲಿಗೆಯಾ, ಬೇಯಿಸಿದ ಅಕ್ಕಿಯಾ?" ಎಂದ. ಹೂವು ಕಟ್ಟುವ ಹೆಂಗಸರು ಜಗಲಿಯಲ್ಲಿ ಪಿಸುಗುಟ್ಟಲು ಶುರು ಮಾಡಿದರು. ಬೇರೊಬ್ಬ ಟೆಂಪೋ ಇಟ್ಟುಕೊಂಡು ಮನೆಮನೆಗೆ ಬಂದು ಕೇಳುತ್ತಿದ್ದನಂತೆ. ನಾನು ಕೈಯಿಂದ ಕಟ್ಟಿದ ವ್ಯಾಪಾರ ಅದು, ಗಂಡನ ಹಡಗಿನ ಸಂಬಳದ್ದಲ್ಲ. ಒಂದು ತಿಂಗಳೊಳಗೆ ಕಾರು ಎದ್ದು ನಿಲ್ಲದಿದ್ದರೆ ನನ್ನ ಜಗಲಿ ಖಾಲಿಯಾಗುವುದು ಖಂಡಿತ ಇತ್ತು.

ಸಾಹೇಬರ ಅಂಗಡಿಯಲ್ಲಿ ಕುಳಿತು ಮಾತಾಡಿದೆವು. ಡಾಕ್ಟರೂ ಇದ್ದರು.

"ಮಾಸ್ಟ್ರ ಕಾರು ಮುಗಿದಿದೆ ಅಕ್ಕ. ಪಾಪ, ಅವರಿಗೆ ಬಾಯಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ" ಎಂದರು ಸಾಹೇಬರು.

"ಇಷ್ಟು ತಿಂಗಳು ಶೆಡ್ಡಿನಲ್ಲಿ ನಿಂತ ಕಾರು ಮತ್ತೆ ಏಳುವುದು ಉಂಟಾ?" ಎಂದರು ಡಾಕ್ಟರು.

"ಹಾಗಾದ್ರೆ ಅವರು ಹೇಳುವುದು ಬೇಡ," ಎಂದೆ ನಾನು. "ನಾವೇ ಹೋಗುವ. ಸಂಕಟ ಒಂದೇ ದಿನಕ್ಕೆ ಮುಗೀಲಿ."

ಕಟ್ಟಳೆ ಮುರಿದಂತಾಯಿತು ಎಂದು ಈಗ ಯಾರಾದರೂ ಹೇಳಬಹುದು. ಹಿರಿಯ ಮನುಷ್ಯನನ್ನು ಆ ಒಂದು ಮಾತಿನಿಂದ ಪಾರು ಮಾಡಬೇಕೆಂದು ಮೂವರೂ ಪ್ರಾಮಾಣಿಕವಾಗಿ ಯೋಚಿಸಿದ್ದೆವು. ನನಗೆ ಗೇರ್‌ಬಾಕ್ಸ್ ಬೇಕಿತ್ತು ಎಂಬುದೂ ನಿಜ, ಅದನ್ನು ನಾನು ಮುಚ್ಚಿಡಲಿಲ್ಲ. ಕಾರ್ಕಳದ ಬಸ್ಸಿನ ಕಂಡಕ್ಟರನ ಹತ್ತಿರ, ಆದಿತ್ಯವಾರ ಸ್ಪ್ಯಾನರ್ ಹಿಡಿದು ಮೂವರೂ ಬರುತ್ತೇವೆ ಎಂದು ಹೇಳಿ ಕಳಿಸಿದೆ. ಸಂಜೆ ತಿರುಗಿ ಬಂದ ಕಂಡಕ್ಟರ್, "ಮಾಸ್ಟ್ರಿಗೆ ಭಾರಿ ಖುಷಿ ಆಯ್ತು" ಎಂದ. ಖುಷಿ ಏಕೆ ಎಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಆದಿತ್ಯವಾರ ನಾನು ಸಾಹೇಬರ ಕಪ್ಪು ಕಾರಿನಲ್ಲಿ, ಡಾಕ್ಟರು ತಮ್ಮ ಬಿಳಿ ಡಬ್ಬಿಯಲ್ಲಿ ಹೊರಟೆವು. ಸಾಹೇಬರ ಡಿಕ್ಕಿಯಲ್ಲಿ ನಾನು ಮಾಡಿದ ಗುಳ್ಳದ ಹುಳಿಯ ಪಾತ್ರೆ, ಪಾಯಸದ ಪಾತ್ರೆ, ಬಟ್ಟೆ ಕಟ್ಟಿ ಭದ್ರವಾಗಿ ಇಟ್ಟಿದ್ದೆ. ಮಾಸ್ಟ್ರ ಮನೆ ಬೆಟ್ಟದ ಗೊಮ್ಮಟನ ಬೆನ್ನು ಕಾಣುವ ಓಣಿಯಲ್ಲಿ. ತಿರುವು ದಾಟಿ ಅಂಗಳಕ್ಕೆ ಕಾರು ನುಗ್ಗಿದ್ದೇ, ಸಾಹೇಬರ ಕಾಲು ಬ್ರೇಕಿನ ಮೇಲೆ ಬಿತ್ತು.

ಕೆನೆ ಬಣ್ಣದ ಕಾರು ಅಂಗಳದ ನಡುವೆ ನಿಂತಿತ್ತು. ತೊಳೆದು, ಒರೆಸಿ, ಮೂತಿಗೆ ಮಲ್ಲಿಗೆ ಮಾಲೆ ಹಾಕಿತ್ತು. ಆ ಹೂವು ಶಂಕರಪುರದ್ದು, ನನ್ನ ಜಗಲಿಯಿಂದಲೇ ಹೋದದ್ದು. ಕಟ್ಟಿದ ಗಂಟು ನೋಡಿ ಗೊತ್ತಾಯಿತು. ಮಾಸ್ಟ್ರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಅವರ ಹೆಂಡತಿ ತಟ್ಟೆಯಲ್ಲಿ ತೆಂಗಿನಕಾಯಿ ಇಟ್ಟುಕೊಂಡಿದ್ದರು.

"ಬಂದಿರಾ? ನೀವು ಬರ್ತೀರಿ ಅಂತ ನನಗೆ ಗೊತ್ತಿತ್ತು," ಎಂದರು ಮಾಸ್ಟ್ರು. "ಬ್ಯಾಟರಿ ಚಾರ್ಜು ಮಾಡಿಸಿದ್ದೇನೆ. ಪೆಟ್ರೋಲು ತಂದಿದ್ದೇನೆ. ಇವತ್ತು ಸ್ಟಾರ್ಟ್ ಮಾಡಿಯೇ ಬಿಡುವ, ಅಲ್ವಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಡಾಕ್ಟರ ಮುಖ ನೋಡಿದೆ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರ ಬಗ್ಗೆ ಕೇಳಿದ್ದೇನೆ; ನಾವು ಮನುಷ್ಯ ಎದ್ದು ನಿಂತಿರುವಾಗ ಬೊಜ್ಜದ ಊಟ ಹೊತ್ತುಕೊಂಡು ಬಂದವರು! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸಾಹೇಬರು ಡಿಕ್ಕಿಯ ಹತ್ತಿರ ಹೋಗಿ, ಅದಕ್ಕೆ ಬೆನ್ನು ಒತ್ತಿ ನಿಂತುಕೊಂಡರು.

"ಕಾರಿಗೆ ಎಂತ ಆಗಿದೆ ಮಾಸ್ಟ್ರೇ?" ಎಂದು ಡಾಕ್ಟರು ರೋಗಿಯನ್ನು ಕೇಳಿದ ಹಾಗೆ ಕೇಳಿದರು.

"ಎಂತದೂ ಆಗಲಿಲ್ಲ. ಮಳೆಗಾಲ ಅಲ್ವಾ, ಸ್ವಲ್ಪ ಶೀತ" ಎಂದರು ಮಾಸ್ಟ್ರು.

ಬಾಯಿ ತೆರೆದು ನೋಡಿದರೆ ಕಾರ್ಬ್ಯುರೇಟರ್ ಪೂರ್ತಿ ಸತ್ತಿತ್ತು. ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಆ ಒಂದು ಸಾಮಾನು ಹೊರಗೆ ಎಲ್ಲೂ ಸಿಗುತ್ತಿರಲಿಲ್ಲ. ಒಂದು ನನ್ನ ಕಾರಿನಲ್ಲಿ ಇತ್ತು, ಒಂದು ಸಾಹೇಬರ ಕಾರಿನಲ್ಲಿ. ಅವೆರಡೂ ಬದುಕಿರುವ ಕಾರುಗಳು. ಆದ್ದರಿಂದ ಮಾಸ್ಟ್ರು ಕೇಳಲಿಲ್ಲ. ಇಷ್ಟು ತಿಂಗಳು ಶೆಡ್ಡಿನಲ್ಲಿ ಕಾರು ಇಟ್ಟುಕೊಂಡು ಬಾಯಿ ಮುಚ್ಚಿ ಕಾದರು. ಯಾರಾದರೂ ತಾವಾಗಿಯೇ ಬಂದರೆ ಸರಿ, ಇಲ್ಲದಿದ್ದರೆ ಇಲ್ಲ. ನಮಗೆಲ್ಲ ಕಟ್ಟಳೆ ತಮಾಷೆಯಿಂದ ಹುಟ್ಟಿದ್ದು; ಅವರಿಗೆ ಅದು ಕಟ್ಟಳೆಯೇ ಆಗಿತ್ತು.

ಸಾಹೇಬರು ತಮ್ಮ ಕಪ್ಪು ಕಾರಿನ ಮೂತಿ ಮಗುಚಿ, ಅದರ ಕಾರ್ಬ್ಯುರೇಟರ್ ಬಿಚ್ಚಿ, ಲುಂಗಿಯ ತುದಿಯಲ್ಲಿ ಒರೆಸಿ ಮಾಸ್ಟ್ರ ಕಾರಿಗೆ ಕೂರಿಸಿದರು. ಕೇಳಬಾರದು ಎಂದು ಕಟ್ಟಳೆ ಇತ್ತು. ಕೊಡಬಾರದು ಎಂದು ಇರಲಿಲ್ಲ. ಡಾಕ್ಟರು ಪ್ಲಗ್ಗು ತಿಕ್ಕಿದರು, ನಾನು ಪೈಪು ಕಟ್ಟಿದೆ. ಮಾಸ್ಟ್ರು ಒಳಗೆ ಕುಳಿತು ಕೀಲಿ ತಿರುಗಿಸಿದರು. ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಅವರ ಹೆಂಡತಿ ತೆಂಗಿನಕಾಯಿ ಒಡೆದರು. ನಾವು ಮೂವರೂ ಕೇಕೆ ಹಾಕಿದೆವು. ಗೇರ್‌ಬಾಕ್ಸಿನ ಮಾತು ನನ್ನ ನಾಲಿಗೆಯ ಮೇಲೆಯೇ ಕರಗಿಹೋಯಿತು. ಹೋಗಲಿ, ಟೆಂಪೋದವನಿಗೆ ಹೂವು ಹೋಗುವುದಾದರೆ ಹೋಗಲಿ ಎಂದುಕೊಂಡೆ. ಆ ಹೊತ್ತಿಗೆ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು.

"ಹತ್ತು ತಂಗೀ, ಒಂದು ಸುತ್ತು ಹೋಗಿ ಬರುವ" ಎಂದರು ಮಾಸ್ಟ್ರು. ನಾನು ಹತ್ತಿದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಮ್ಮೆ ಮೂಗು ಅರಳಿಸಿ, "ಸಾಹೇಬ್ರೇ, ನಿಮ್ಮ ಡಿಕ್ಕಿಯಲ್ಲಿ ಇರುವುದನ್ನು ನನ್ನ ಕಾರಿನಲ್ಲಿ ಇಡಿ. ಬಿಸಿಲಿಗೆ ಹಾಳಾಗ್ತದೆ" ಎಂದರು.

ಸಾಹೇಬರು ಕಲ್ಲಾದರು. ಪಾತ್ರೆಗಳು ಕಾರು ಬದಲಾಯಿಸಿದವು. ಹಿಂದಿನಿಂದ ಡಾಕ್ಟರ ಬಿಳಿ ಡಬ್ಬಿಯಲ್ಲಿ ಸಾಹೇಬರೂ ಹತ್ತಿ ಬಂದರು; ಅವರ ಕಪ್ಪು ಕಾರು ಬಾಯಿ ತೆರೆದುಕೊಂಡು ಮಾಸ್ಟ್ರ ಅಂಗಳದಲ್ಲೇ ಉಳಿಯಿತು.

ಒಂದು ಸುತ್ತು ಎಂದವರು ಬೆಳ್ಮಣ್ಣಿನಲ್ಲಿ ತಿರುಗಿಸಲಿಲ್ಲ. ಶಿರ್ವದಲ್ಲೂ ತಿರುಗಿಸಲಿಲ್ಲ. ಪ್ರತಿ ಏರಿನಲ್ಲೂ, ಪ್ರತಿ ಬಸ್‌ಸ್ಟಾಪಿನಲ್ಲೂ ಒಂದನೇ ಗೇರಿನಿಂದ ಕೈ ಹೊರಟು ನಡುವೆ ನಿಲ್ಲುತ್ತಿತ್ತು. ನನ್ನ ಬಲಗೈ ತುರಿಸುತ್ತಿತ್ತು. "ಹಾಕಿ ಮಾಸ್ಟ್ರೇ, ಹಾಕಿ!" ಎಂದೆ ತಡೆಯಲಾರದೆ. "ಬರ್ತದೆ ತಂಗೀ" ಎಂದರು. ಹುಳಿಯ ಇಂಗಿನ ಒಗ್ಗರಣೆಯ ಪರಿಮಳ ಕಾರಿನ ಒಳಗೆಲ್ಲ ತುಂಬಿತ್ತು. ನಾನು ಕಿಟಕಿಯ ಗಾಜು ಪೂರ್ತಿ ಇಳಿಸಿದೆ.

ಶಂಕರಪುರದ ನನ್ನ ಅಂಗಳಕ್ಕೆ ಒಂದೇ ತಿರುವಿನಲ್ಲಿ ಕಾರು ತಂದರು. ನನ್ನ ನೀಲಿ ಕಾರಿನ ಪಕ್ಕ, ಹೆಗಲಿಗೆ ಹೆಗಲು ಕೊಟ್ಟ ಹಾಗೆ ನಿಲ್ಲಿಸಿದರು. ಎಂಜಿನ್ನು ಆರಿಸಿ, ಸ್ಟೇರಿಂಗನ್ನು ಒಮ್ಮೆ ಸವರಿದರು. ಇಳಿದರು. ಮೂತಿಯ ಮಾಲೆ ತೆಗೆದು ನನ್ನ ಕೈಗೆ ಕೊಟ್ಟರು. ಎರಡೂ ಕಡೆಯ ಕೊಂಡಿ ಬಿಚ್ಚಿ, ಕಾರಿನ ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು, ಸಾಹೇಬರು ಬಂದು ನಿಂತಿದ್ದರು.

"ನನ್ನದು ಮುಗಿಯಿತು" ಎಂದರು ಮಾಸ್ಟ್ರು.

ನಾನು ಬಾಯಿ ತೆರೆಯಹೊರಟೆ, ಅವರು ಕೈ ಎತ್ತಿ ತಡೆದರು.

"ಇದನ್ನು ನಾನು ಹೇಳ್ಬೇಕು ತಂಗೀ. ಮೂರು ಮಂದಿ ಪಾತ್ರೆ ಹೊತ್ತುಕೊಂಡು ಬಂದು ಹೇಳುವುದಲ್ಲ. ನನ್ನ ಕಾರು ಶೆಡ್ಡಿನಲ್ಲಿ ಸಾಯುವುದಿಲ್ಲ. ನಿನ್ನ ಮನೆಗೆ ತನ್ನ ಕಾಲಲ್ಲೇ ಬಂತು. ನೋಡಿದ್ರಲ್ಲ ಎಲ್ಲರೂ?"

"ನೋಡಿದೆವು ಮಾಸ್ಟ್ರೇ" ಎಂದರು ಸಾಹೇಬರು.

"ನಿನ್ನ ಗೇರ್‌ಬಾಕ್ಸ್ ಹೋದದ್ದು ಬಸ್ಸಿನವರು ಹೇಳಿದ್ರು. ಬಸ್ಸಿನಲ್ಲಿ ಬಂದ ಹೂವು ಹೇಗಿರ್ತದೆ ಅಂತ ಉಡುಪಿಯ ಅಂಗಡಿಯಿಂದ ಮಾಲೆ ತಂದಾಗ ನೋಡಿದೆ. ಛೇ, ಅದು ನಿನ್ನ ಹೂವಾ? ಗೇರ್‌ಬಾಕ್ಸ್ ನಿನಗೆ."

ನಾನು ಅತ್ತೆ. ಅಂಗಳದ ನಡುವೆ, ಹೂವು ಕಟ್ಟುವ ಹೆಂಗಸರೆಲ್ಲ ಬೇಲಿಯ ಹತ್ತಿರ ನಿಂತು ನೋಡುತ್ತಿರುವಾಗ, ಜೋರಾಗಿಯೇ ಅತ್ತೆ. ಮಾಸ್ಟ್ರು ನನ್ನ ಕಡೆ ನೋಡದೆ ಹಂಚುತ್ತಾ ಹೋದರು. ಸಾಹೇಬರಿಗೆ ಅವರ ಕಾರ್ಬ್ಯುರೇಟರ್ ವಾಪಸು, ಜೊತೆಗೆ ರೇಡಿಯೇಟರು, ಎರಡು ದೀಪ. ಡಾಕ್ಟರಿಗೆ ಸ್ಟೇರಿಂಗ್ ಚಕ್ರ.

"ನನಗೆ ಯಾಕೆ ಮಾಸ್ಟ್ರೇ? ನನ್ನ ಹತ್ತಿರ ಈಗ ಕಾರೇ ಇಲ್ಲ" ಎಂದರು ಡಾಕ್ಟರು. ಬಿಳಿ ಡಬ್ಬಿಯನ್ನು ಅವರೇ ಲೆಕ್ಕಕ್ಕೆ ಹಿಡಿಯಲಿಲ್ಲ.

"ಇಟ್ಕೊಳ್ಳಿ. ಹಿಡ್ಕೊಳ್ಳಿಕ್ಕೆ ಒಂದು ಬೇಕಲ್ವಾ" ಎಂದರು ಮಾಸ್ಟ್ರು. ಆಮೇಲೆ ಪಂಚೆ ಎತ್ತಿ ಕಟ್ಟಿ, "ಊಟ ಬಡಿಸು ತಂಗೀ. ಬೊಜ್ಜ ಅಂದ ಮೇಲೆ ಹುಳಿ ಬಿಸಿ ಇರ್ಬೇಕು" ಎಂದು ಜಗಲಿಯಲ್ಲಿ ಕುಳಿತರು. ಎರಡು ಸಲ ಪಾಯಸ ಹಾಕಿಸಿಕೊಂಡರು. ಸಂಜೆ ಡಾಕ್ಟರ ಕಾರಿನಲ್ಲಿ ಕಾರ್ಕಳಕ್ಕೆ ಹೊರಟಾಗ ಬಾಗಿಲಿನ ಹಿಡಿ ಎಲ್ಲಿದೆ ಎಂದು ಅವರ ಕೈ ತಡವರಿಸಿತು. ಡಾಕ್ಟರು ಬಗ್ಗಿ ತೆರೆದುಕೊಟ್ಟರು.

ಆ ವಾರವೇ ಉಡುಪಿಯ ಮೆಕ್ಯಾನಿಕ್ ಬಂದು ಗೇರ್‌ಬಾಕ್ಸ್ ಕೂರಿಸಿ ಹೋದ. ಮರುದಿನ ಹೂವು ತುಂಬಿಸಿಕೊಂಡು ಹೊರಟೆ. ಒಂದನೇ ಗೇರು ಹಾಕಿದೆ, ಗೇಟು ದಾಟಿದೆ, ಎಂದಿನ ಹಾಗೆ ಎರಡನೆಯದಕ್ಕೆ ಎಳೆದೆ. ಕರ್ರ್‌ರ್! ಹೋಗಲಿಲ್ಲ. ಮತ್ತೆ ಎಳೆದೆ. ಕಬ್ಬಿಣ ಕಬ್ಬಿಣಕ್ಕೆ ಹಲ್ಲು ಕಡಿಯಿತು. ಬೈದೆ, ಮೆಕ್ಯಾನಿಕ್‌ಗೆ, ಅವನ ಅಜ್ಜನಿಗೆ, ಎಲ್ಲರಿಗೂ ಬೈದೆ. ಆಗ ಶಿರ್ವದ ಏರಿನಲ್ಲಿ ನೋಡಿದ ಆ ಕೈ ನೆನಪಾಯಿತು. ಒಂದನೆಯದರಿಂದ ಬಿಡಿಸಿ, ನಡುವೆ ನಿಲ್ಲಿಸಿ, ಸುಮ್ಮನಿದ್ದು, ಆಮೇಲೆ ತಳ್ಳಿದೆ. ಬೆಣ್ಣೆಯ ಹಾಗೆ ಹೋಯಿತು.

ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಮಾಸ್ಟ್ರು ಹೆದರುಪುಕ್ಕಲು ಅಲ್ಲ. ನಿಧಾನವೂ ಅಲ್ಲ. ಕುಂದು ಇದ್ದದ್ದು ಗೇರ್‌ಬಾಕ್ಸಿನಲ್ಲಿ. ಅಷ್ಟೂ ವರ್ಷ ಲೈಟ್‌ಹೌಸಿನ ಬುಡದಲ್ಲಿ ನಮ್ಮೆಲ್ಲರ ಗೇಲಿಯನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. "ನನ್ನ ಕಾರಿನಲ್ಲಿ ಇಂಥದ್ದು ಉಂಟು" ಎಂಬ ಒಂದು ಮಾತು ಬಾಯಿಂದ ಬರಲಿಲ್ಲ.

ಮುಂದಿನ ಆದಿತ್ಯವಾರ ನಾನು ಕಾರ್ಕಳಕ್ಕೆ ಹೋಗಿ ಮಾಸ್ಟ್ರನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಕಾಪುವಿಗೆ ಹೊರಟೆ. ಓಣಿಯ ತಿರುವಿನಲ್ಲಿ ಒಂದನೇ ಗೇರಿನಿಂದ ನನ್ನ ಕೈ ಹೊರಟು ನಡುವೆ ನಿಂತಿತು. ಮಾಸ್ಟ್ರು ಕಿಟಕಿಯ ಹೊರಗೆ ಗೊಮ್ಮಟನನ್ನು ನೋಡುತ್ತಿದ್ದರು.

"ಕಾರು ಹೇಗುಂಟು ತಂಗೀ? ಎಂತಾದ್ರೂ ತೊಂದರೆ ಉಂಟಾ?" ಎಂದರು.

"ಎಂತದೂ ಇಲ್ಲ ಮಾಸ್ಟ್ರೇ" ಎಂದೆ.

ಅವರು ತಲೆಯಾಡಿಸಿದರು. ಅದಕ್ಕಿಂತ ಹೆಚ್ಚು ನಾವು ಆ ವಿಷಯ ಎಂದೂ ಮಾತಾಡಲಿಲ್ಲ.

ಕಾಪು ಪೇಟೆಯಲ್ಲಿ ಸಾಹೇಬರ ಕಪ್ಪು ಕಾರು ನಮ್ಮ ಹಿಂದೆ ಸೇರಿಕೊಂಡಿತು. ನಮ್ಮ ಸಾಲಿನಲ್ಲಿ ಉಳಿದದ್ದು ಅಷ್ಟೇ, ಎರಡು ಕಾರು. ಲೈಟ್‌ಹೌಸಿನ ದಾರಿಗೆ ತಿರುಗುವಲ್ಲಿ ಬಸ್ಸಿಗೆ ದಾರಿ ಬಿಡಲು ನಿಲ್ಲಿಸಿ, ಒಂದನೆಯದು ಹಾಕಿ, ಎರಡನೆಯದಕ್ಕೆ ಕಾದೆ. ಹಿಂದಿನಿಂದ ಹಾರ್ನ್ ಬಡಿಯಿತು. ಸಾಹೇಬರು ತಲೆ ಹೊರಗೆ ಹಾಕಿ ಕೂಗಿದರು.

"ಎಂತ ಅಕ್ಕ, ನೀವೂ ಅರ್ಜಿ ಹಾಕ್ಲಿಕ್ಕೆ ಶುರು ಮಾಡಿದ್ರಾ? ಹೆದರಿಕೆಯಾ?"

ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ, ಅಷ್ಟು ಅವಸರ ಇದ್ದರೆ ಮುಂದೆ ಹೋಗಿ ಎಂದು ಸನ್ನೆ ಮಾಡಿದೆ.

"ಹೌದು ಸಾಹೇಬ್ರೇ, ವಯಸ್ಸಾಯ್ತಲ್ಲ, ಹೆದರಿಕೆ!" ಎಂದು ಕೂಗಿದೆ.